ಕಾಯಕವೂ ಹುದ್ದೆಯೂ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಮ್ಮ ಸೀಮೆಯು ತೊಗರಿಯ ಹೊಲಗಳಿಗೂ ಸುಣ್ಣದ ಕಲ್ಲಿಗೂ ಹೆಸರಾದುದು. ಫರಸಿಕಲ್ಲಿನ ಗಣಿಗಳೂ ಸಿಮೆಂಟಿನ ಕಾರ್ಖಾನೆಗಳೂ ಎಷ್ಟೋ ಮನೆಗಳಿಗೆ ಅನ್ನವಿಕ್ಕಿವೆ. ಅಲ್ಲಿ ಧೂಳು, ಝಳ, ರಾತ್ರಿಪಾಳಿಗಳ ನಡುವೆ ಜೊತೆಯಾಗಿ ದುಡಿಯುವ ಇಬ್ಬರಲ್ಲಿ ಒಬ್ಬನು ಆರು ತಿಂಗಳಿಗೆ ಕೆಲಸ ಬಿಡುವನು, ಮತ್ತೊಬ್ಬನು ಮೂವತ್ತು ವರುಷ ನಿಲ್ಲುವನು. ಬಿಟ್ಟವನನ್ನು ಹೇಡಿಯೆಂದೂ ನಿಂತವನನ್ನು ಕಾಯಕನಿಷ್ಠನೆಂದೂ ಕರೆಯುವದು ನಮ್ಮ ರೂಢಿ. ಈ ರೂಢಿಯು ಸರಿಯಲ್ಲವೆಂಬುದೇ ನನ್ನ ಬಿನ್ನಹ.

ಮನಃಶಾಸ್ತ್ರಜ್ಞರು ಸ್ವಭಾವವನ್ನು ಐದು ಗುಣಗಳಿಂದ ಅಳೆಯುವರು: ಹೊಸತಿನ ಒಲವು, ಕರ್ತವ್ಯನಿಷ್ಠೆ, ಜನಸಂಗಪ್ರೀತಿ, ಸೌಜನ್ಯ, ಚಿತ್ತಸ್ಥೈರ್ಯ. 2008ರಲ್ಲಿ ಜಿಮ್ಮರ್‌ಮನ್ ಎಂಬ ವಿದ್ವಾಂಸರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಲಾಗಿ, ಬಿಡಬೇಕೆಂಬ ಇಚ್ಛೆಯು ಚಿತ್ತಸ್ಥೈರ್ಯ ಕಡಿಮೆಯಾದವರಲ್ಲಿ ಹೆಚ್ಚೆಂದೂ, ನಿಜವಾಗಿ ಬಿಟ್ಟುಹೋಗುವದು ಕರ್ತವ್ಯನಿಷ್ಠೆ, ಸೌಜನ್ಯಗಳು ಕಡಿಮೆಯಾದವರಲ್ಲಿ ಹೆಚ್ಚೆಂದೂ ಕಂಡುಬಂದಿತು. ಎಂದಮೇಲೆ ಇಚ್ಛೆ ಬೇರೆ, ಬಿಡುವದು ಬೇರೆ. ಒಳಗೆ ಬೆಂದರೂ ಹಿರಿಯರ ಮಾತಿಗೆ ಇಲ್ಲವೆನ್ನಲಾರದ ಸಜ್ಜನನು ನಿಂತೇ ಇರಬಹುದು. ದೋಷವೆಲ್ಲ ಸ್ವಭಾವದ್ದೂ ಅಲ್ಲ. ನೀಗದ ಒತ್ತಡದಿಂದ ಬರುವ ಬಳಲಿಕೆಯು ಕೆಲಸಕ್ಕೆ ಸಂಬಂಧಪಟ್ಟದ್ದೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸ್ಪಷ್ಟಪಡಿಸಿದೆ.

ಕೆಲವು ವರುಷಗಳ ಹಿಂದೆ ಒಬ್ಬ ತಾಯಿಯು, ಕೆಲಸ ಬಿಡುವೆನೆಂದ ಮಗನನ್ನು ಶ್ರೀಮಠಕ್ಕೆ ಕರೆತಂದಳು. ನಾನು ಕಾಯಕದ ಮಹಿಮೆಯನ್ನು ಬೋಧಿಸಿ ಅವನನ್ನು ಗದರಿಸಿದೆನು. ಆ ಸಾಧುಸ್ವಭಾವದ ಹುಡುಗನು ಮರುದಿನವೇ ಪಾಳಿಗೆ ಹೋದನು. ತಿಂಗಳೊಳಗೆ ಹಾಸಿಗೆ ಹಿಡಿದನು. ‘ತಮ್ಮಾ, ನಿದ್ದೆ ಬರುವದೇ?’ ಎಂದು ನಾನು ಕೇಳಿದ್ದಿಲ್ಲ. ಆ ತಪ್ಪು ನನ್ನದು.

ಸೇಡಂ ತಾಲೂಕಿನ ಮಳಖೇಡವೇ ಅಮೋಘವರ್ಷ ನೃಪತುಂಗನ ರಾಜಧಾನಿಯಾದ ಮಾನ್ಯಖೇಟವಷ್ಟೆ. ಎಳೆವಯಸ್ಸಿನಲ್ಲಿಯೇ ಪಟ್ಟವೇರಿ, ದಂಗೆಗಳನ್ನು ಎದುರಿಸಿ, 9ನೆಯ ಶತಮಾನದಲ್ಲಿ ಅರವತ್ತಕ್ಕೂ ಮಿಕ್ಕಿ ವರುಷ ಆಳಿದ ಆತನು ಕಡೆಗೆ ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ‘ಪ್ರಶ್ನೋತ್ತರ ರತ್ನಮಾಲಿಕೆ’ಯಿಂದ ತಿಳಿದುಬರುವದು. ಆತನನ್ನು ಯಾರೂ ಹೇಡಿಯೆನ್ನಲಿಲ್ಲ. ಅರಸನಿಗೆ ಸಲ್ಲುವ ನ್ಯಾಯವು ಕೂಲಿಯವನಿಗೂ ಸಲ್ಲಬೇಡವೇ?

ಕಾಯಕವೆಂಬುದು ಒಂದು ಹುದ್ದೆಯ ಹೆಸರಲ್ಲ. ಹುದ್ದೆಯನ್ನು ಬಿಟ್ಟವನು ಕಾಯಕವನ್ನು ಬಿಟ್ಟಂತಾಗದು. ಆದುದರಿಂದ ಬಿಡುವೆನೆಂಬವನನ್ನು, ಇದು ಕೋಪವೋ ವಿವೇಕವೋ ಎಂದು ಮೆಲ್ಲನೆ ಕೇಳಿರಿ. ಸುಮ್ಮನೆ ನಿಂತವನನ್ನಂತೂ ಮೊದಲು ಕೇಳಿರಿ. ಅವನು ತಾನಾಗಿ ಹೇಳಲಾರನು.