ಕೈಗಡದ ಕುರ್ಚಿ



ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯಿರಲಿ, ನಮ್ಮ ಯಾವ ಹಳ್ಳಿಯೇ ಇರಲಿ, ಕೈಗಡಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ. ಹೇಳಿದ ಹೊತ್ತಿಗೆ ಹಿಂದಿರುಗಿಸಿದವರ ಮಾತಿಗೆ ಊರಲ್ಲಿ ಬೆಲೆ ಬರುತ್ತದೆ, ಅಷ್ಟೆ. ಅಧಿಕಾರವೂ ಅಂಥದೇ ಕೈಗಡ ಎಂದು ತೋರಿಸಿಕೊಟ್ಟ ಪ್ರಸಂಗವೊಂದು ಇದೇ ತಾಲ್ಲೂಕಿನಿಂದ ಶುರುವಾಯಿತು.

ಆ ಪ್ರಸಂಗದ ಪಾತ್ರಧಾರಿಗಳಲ್ಲಿ ಒಬ್ಬರಾದ ಎಸ್. ನಿಜಲಿಂಗಪ್ಪ ಚಿತ್ರದುರ್ಗದಲ್ಲಿ ವಕೀಲರಾಗಿದ್ದರು. 1939ರಲ್ಲಿ ಸಮೀಪದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು; ಸತ್ಯಾಗ್ರಹಿಗಳು ಈಚಲು ಮರ ಕಡಿದರು. ಈಚಲು ಮರದ ಬುಡಕ್ಕೆ ಕೊಡಲಿ ಬಿತ್ತೆಂದರೆ ಹೆಂಡದ ಗಡಿಗೆ ಬರಿದು; ಗಡಿಗೆ ಬರಿದಾದರೆ ಸರ್ಕಾರದ ಅಬಕಾರಿ ಹಣ ಖೋತಾ. ಏಟು ನಾಟಬೇಕಾದಲ್ಲೇ ನಾಟಿತು. ನಿಜಲಿಂಗಪ್ಪ ಜೈಲು ಸೇರಿದರು, ಅವರ ವಕೀಲಿ ಸನ್ನದು ರದ್ದಾಯಿತು. ಸನ್ನದಿಲ್ಲದೆ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಮನೆ ನಡೆಸುವ ವರಮಾನಕ್ಕೇ ಕುತ್ತು ಬರುತ್ತದೆಂದು ತಿಳಿದೂ ಅವರು ಆ ದಾರಿ ಹಿಡಿದಿದ್ದರು.

ಮುಂದೆ 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದದ್ದು ಇದೇ ನಿಜಲಿಂಗಪ್ಪ. ಆದರೆ 1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿ ಜಿ.ಟಿ. ರಂಗಪ್ಪನವರನ್ನು ಗೆಲ್ಲಿಸಿದರು. ನಿಜಲಿಂಗಪ್ಪನವರ ಪಕ್ಷಕ್ಕೇನೋ ಬಹುಮತವಿತ್ತು. ಶಾಸಕರಲ್ಲದವರೂ 6 ತಿಂಗಳ ಮಟ್ಟಿಗೆ ಮುಖ್ಯಮಂತ್ರಿಯಾಗಿರಲು ಸಂವಿಧಾನ ಅವಕಾಶ ಕೊಡುತ್ತದೆ. ಆದರೂ ಸೋತವರು ಕುರ್ಚಿ ಏರಲಿಲ್ಲ. ಮಾರ್ಚ್ 14ರಂದು ಹುನಗುಂದದ ಶಾಸಕ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಬಿ.ಟಿ. ಮುರನಾಳ ತಾವು ಗೆದ್ದ ಸ್ಥಾನವನ್ನೇ ತೆರವು ಮಾಡಿದರು. ನಿಜಲಿಂಗಪ್ಪ ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು.

ಆಮೇಲೆ ನಡೆದದ್ದೇ ಮುಖ್ಯ. ಮೂರು ತಿಂಗಳು ಕೂತ ಕುರ್ಚಿಯಿಂದ ಕಂಠಿಯವರು ಜೂನ್‌ನಲ್ಲಿ ಎದ್ದರು. ಎದ್ದು ದೂರ ಹೋಗಲಿಲ್ಲ, ಮುನಿಸಿಕೊಳ್ಳಲಿಲ್ಲ. ನಿಜಲಿಂಗಪ್ಪನವರ ಸಂಪುಟದಲ್ಲೇ ಶಿಕ್ಷಣ ಮಂತ್ರಿಯಾಗಿ ಕೆಲಸಕ್ಕೆ ಕೂತರು. ಅವರು ಆ ಖಾತೆಯಲ್ಲಿದ್ದಾಗಲೇ, ಮರುವರ್ಷ, 1963ರಲ್ಲಿ, ಬಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಮುಖ್ಯಮಂತ್ರಿಗಳಾಗಿ ವರ್ಷಗಟ್ಟಲೆ ಆಳಿದ ಕೆಲವರನ್ನು ನಾವು ಮರೆತಿದ್ದೇವೆ. ಕಂಠಿಯವರನ್ನು ನೆನೆಯುವುದು ಮಾತ್ರ ಅವರು ಎದ್ದ ರೀತಿಗಾಗಿ.

ಪಂಚಾಯಿತಿ ಸದಸ್ಯರೇ, ಸೊಸೈಟಿ ನಿರ್ದೇಶಕರೇ, ಹಾಲಿನ ಡೇರಿಯ ಲೆಕ್ಕ ಬರೆಯುವ ತಾಯಂದಿರೇ, ನಿಮ್ಮ ಕೈಯಲ್ಲೂ ಊರಿನ ಕೈಗಡವಿದೆ. ಸಹಿ ಹಾಕುವ ಮುನ್ನ ಒಂದು ಗಳಿಗೆ ನಿಲ್ಲಿ. ಈ ಪೆನ್ನು ನನ್ನದಿರಬಹುದು, ಸಹಿ ಊರಿನದು ಎಂದುಕೊಳ್ಳಿ. ಇಸಿದುಕೊಂಡದ್ದನ್ನು ಇಸಿದುಕೊಂಡಷ್ಟೇ ಚೊಕ್ಕಟವಾಗಿ ಒಪ್ಪಿಸಿ ಏಳುವುದೇ ಮರ್ಯಾದೆ.