ಹಳ್ಳಿಯ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವಾಗ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಪಾಠ ಮಾಡುವವನು. ಕಂಪ್ಯೂಟರ್ ವಿಷಯದಲ್ಲಿ ಭಾಷೆಯ ಮೇಷ್ಟ್ರು ಏನು ಹೇಳಿಯಾನು ಎಂದು ನಿಮಗೆ ಅನ್ನಿಸಬಹುದು. ಆದರೆ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳು ಎಡವುವುದು ನನ್ನ ವಿಷಯದಲ್ಲೇ.

2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆ ಬಂದು ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳು ಕಂಪ್ಯೂಟರ್ ಕಂಡವು. ಬ್ಯಾಟರಿ ಕೆಟ್ಟದ್ದು, ಕಲಿಸುವವರು ಇಲ್ಲದ್ದು ಎಲ್ಲರಿಗೂ ಗೊತ್ತಿದೆ. ಕರೆಂಟಿನ ಬಗ್ಗೆಯಂತೂ ಸೊಕ್ಕೆಯವರಿಗೆ ನಾನು ಹೇಳಬೇಕಾಗಿಲ್ಲ.

ಒಂದು ದಿನ ಕರೆಂಟು ಹೋದಾಗ ಕಪ್ಪುಹಲಗೆಯ ಮೇಲೆ ಮೆಕ್ಕೆಜೋಳದ ರಾಶಿಯ ಚಿತ್ರ ಬರೆದೆ. ರಾಶಿ ಇರುವವರೆಗೆ ಚೀಲ ತುಂಬು, ತೂಗು, ಗೋಡೆಗೆ ಒಂದು ಗೆರೆ ಎಳೆ. ಇದೇ ಒಂದು ಪ್ರೋಗ್ರಾಂ. ‘ಚೀಲ = ಚೀಲ + 1’ ಎಂದರೆ ಗಣಿತದಲ್ಲಿ ತಪ್ಪು. ಇಲ್ಲಿ ಅದು, ಇದ್ದ ಲೆಕ್ಕಕ್ಕೆ ಒಂದು ಕೂಡಿಸಿ ಅದೇ ಹೆಸರಿನಲ್ಲಿ ಇಡು ಎಂಬ ಅಪ್ಪಣೆ. ಗೋಡೆಯ ಗೆರೆ ಕಂಡ ಮಕ್ಕಳಿಗೆ ಅದು ಬೇಗ ಹೊಳೆಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಕೊನೇ ಚೀಲ ಅರ್ಧ ಮಾತ್ರ ತುಂಬಿದ್ರೆ ಗೆರೆ ಎಳೀಬೇಕಾ ಸಾರ್?” ಎಂದಳು. ಪ್ರೋಗ್ರಾಂ ಬರೆಯುವವರು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು!

ಮರುದಿನ ಕಂಪ್ಯೂಟರ್ ಮುಂದೆ ಕುಳಿತ ಅದೇ ಹುಡುಗಿ, ‘ಇರುವವರೆಗೆ’ ಎಂಬರ್ಥದ ‘ವೈಲ್’ ಪದದ ಎರಡು ಅಕ್ಷರ ಹಿಂದುಮುಂದು ಮಾಡಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ತಪ್ಪಿನ ಸಾಲು ಬಂತು. “ಮೊದಲು ಇಂಗ್ಲಿಷ್ ಸರಿಯಾಗಿ ಕಲಿ” ಎಂದುಬಿಟ್ಟೆ. ಎರಡು ವಾರ ಅವಳು ಕೀಬೋರ್ಡ್ ಮುಟ್ಟಲಿಲ್ಲ. ಅವಳ ಯೋಚನೆ ಸರಿಯಿತ್ತು, ತಪ್ಪಿದ್ದು ಸ್ಪೆಲ್ಲಿಂಗ್. ಅದನ್ನು ನಾನು ದಡ್ಡತನವೆಂದು ಎಣಿಸಿದ್ದೆ. ಭಾಷೆ ಕಲಿಸುವವನೇ ಹೀಗೆ ಮಾಡಿದರೆ ಹೇಗೆ?

ಆಮೇಲೆ ಹುಡುಕಿದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ನಾವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ಅಕ್ಷರ ಯೂನಿಕೋಡ್ ಆಗಿರಬೇಕು, ಅಷ್ಟೇ. ‘ನುಡಿ’ಯ ಹಳೆಯ ಫಾಂಟ್ ನಡೆಯದು. ಉರ್ದು ಹೆಸರೂ ನಡೆಯುತ್ತದೆ, ಆದರೆ ಅದು ಬಲದಿಂದ ಎಡಕ್ಕೆ ಓಡುವುದರಿಂದ ಸಾಲು ಕಲಸಿಹೋದಂತೆ ಕಾಣುತ್ತದೆ. ಹಾಗಾಗಿ ನಮ್ಮ ಉರ್ದು ಮಕ್ಕಳೂ ಕನ್ನಡದ ಹೆಸರನ್ನೇ ಇಡುತ್ತಾರೆ. ಪೈಥಾನಿನ ಸ್ವಂತ ಪದಗಳು ಮಾತ್ರ ಇಂಗ್ಲಿಷಿನವು. ಅವು ಎಲ್ಲ ಸೇರಿ 35. ಶುರುವಿಗೆ ಎಂಟು ಹತ್ತು ಸಾಕು. ಗೋಡೆಯ ಮೇಲೆ ಅರ್ಥಸಹಿತ ಬರೆಸಿದ್ದೇನೆ.

ಆ ಹುಡುಗಿಯನ್ನು ಕರೆದು, ತಪ್ಪು ನನ್ನದು ಎಂದೆ. ಈಗ ಅವಳ ಪ್ರೋಗ್ರಾಮಿನಲ್ಲಿ ‘ಚೀಲ’, ‘ಉಳಿಕೆ’ ಎಂದು ಎರಡು ಹೆಸರುಗಳಿವೆ. ಅರ್ಧ ಚೀಲಕ್ಕೆ ಗೆರೆ ಇಲ್ಲವಂತೆ, ಕಿಲೋ ಬೇರೆ ಬರೆಯಬೇಕಂತೆ. ಅವರ ಕಣದಲ್ಲಿ ಹಾಗೇ ಮಾಡುತ್ತಾರಂತೆ.