ಹಗೆ ತೀರಿಸಲು ಹೊರಟ ಹುಡುಗ



ಕನಕಪುರ ತಾಲ್ಲೂಕಿನ ಹಾರೋಬೆಲೆ ಎಂದರೆ ಹಲವರಿಗೆ ಅರ್ಕಾವತಿಯ ಅಣೆಕಟ್ಟು ನೆನಪಾಗುತ್ತದೆ. ಸುತ್ತಲಿನ ಹಳ್ಳಿಯವರಿಗೆ ನೆನಪಾಗುವುದು ಅಲ್ಲಿನ ನಾಟಕ. ಅದು ಹಳೆಯ ಕ್ರೈಸ್ತ ಊರು. ಶುಭ ಶುಕ್ರವಾರ ಬಂತೆಂದರೆ ಯೇಸುಸ್ವಾಮಿಯ ಪಾಡುಮರಣದ ಕಥೆಯನ್ನು ಊರವರೇ ಬಣ್ಣ ಹಚ್ಚಿಕೊಂಡು ಆಡುತ್ತಾರೆ. ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದ ಈ ನಾಟಕವನ್ನು ಅಲ್ಲಿಯ ಜನ 'ಮಹಿಮೆ' ಎಂದು ಕರೆಯುತ್ತಾರೆ.

ಅದರಲ್ಲಿ ರೋಮನ್ ಸೈನಿಕರ ಪಾತ್ರ ನನ್ನನ್ನು ಬಹಳ ಯೋಚನೆಗೆ ಹಚ್ಚುತ್ತದೆ. ಚಾವಟಿ ಹಿಡಿದು ನಿಂತವನು ಅದೇ ಊರಿನ ಹುಡುಗ. ಶಿಲುಬೆ ಹೊತ್ತವನೂ ಅದೇ ಊರಿನವನು. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ, ಸೈನಿಕನ ಮೇಲೆ ಸಿಟ್ಟೂ ಬರುತ್ತದೆ. ಆದರೆ ಆ ಸಿಟ್ಟು ಮನೆಯವರೆಗೆ ಬರುವುದಿಲ್ಲ. ಬಣ್ಣ ತೊಳೆದ ಮೇಲೆ ಅವನು ಯಾರ ಮಗ ಎಂಬುದು ಎಲ್ಲರಿಗೂ ಗೊತ್ತಲ್ಲ!

ಇದೇ ರೋಮನ್ ಸೈನಿಕನನ್ನು ದ್ವೇಷಿಸುತ್ತ ಬೆಳೆದ ಒಬ್ಬ ಹುಡುಗನ ಕಥೆಯನ್ನು ಇವತ್ತು ಹೇಳಬೇಕೆಂದಿದ್ದೇನೆ. ಎಲಿಜಬೆತ್ ಜಾರ್ಜ್ ಸ್ಪಿಯರ್ ಎಂಬ ಅಮೆರಿಕದ ಲೇಖಕಿ 1961ರಲ್ಲಿ ಬರೆದ 'ದಿ ಬ್ರಾಂಜ್ ಬೋ' ಎಂಬ ಐತಿಹಾಸಿಕ ಕಾದಂಬರಿ ಅದು. ಮಕ್ಕಳ ಸಾಹಿತ್ಯಕ್ಕೆ ಆ ದೇಶದಲ್ಲಿ ಕೊಡುವ ನ್ಯೂಬೆರಿ ಪದಕ ಮರುವರ್ಷವೇ ಅದಕ್ಕೆ ಸಿಕ್ಕಿತು. ಮಕ್ಕಳ ಪುಸ್ತಕವೆಂದು ದೊಡ್ಡವರು ಬದಿಗಿಡುವಂಥದ್ದಲ್ಲ.

ಯೇಸು ಬದುಕಿದ್ದ ಕಾಲ, ಗಲಿಲೇಯ ಸೀಮೆ. ಡೇನಿಯಲ್ ಹದಿನೆಂಟರ ಹುಡುಗ. ಅವನ ಅಪ್ಪನನ್ನು ರೋಮನ್ನರು ಶಿಲುಬೆಗೇರಿಸಿ ಕೊಂದಿದ್ದಾರೆ. ಅದನ್ನು ಕಣ್ಣಾರೆ ಕಂಡ ತಂಗಿ ಲೇಯ ಅಂದಿನಿಂದ ಹೊಸಿಲು ದಾಟಿಲ್ಲ. ತಾಯಿಯೂ ಉಳಿಯಲಿಲ್ಲ. ಕಮ್ಮಾರನ ಮನೆಯಲ್ಲಿ ಜೀತಕ್ಕಿದ್ದ ಡೇನಿಯಲ್ ತಪ್ಪಿಸಿಕೊಂಡು ಬೆಟ್ಟ ಸೇರುತ್ತಾನೆ. ಅಲ್ಲಿ ರೋಶ್ ಎಂಬವನ ತಂಡ ಸೇರುತ್ತಾನೆ. ರೋಮನ್ನರನ್ನು ನಾಡಿನಿಂದ ಓಡಿಸುವ ತನಕ ವಿಶ್ರಾಂತಿಯಿಲ್ಲ ಎಂಬುದು ಅವನ ಆಣೆ.

ರಾಮನಗರ, ಮಾಗಡಿಯ ನಮಗೆ ಈ ಬೆಟ್ಟದ ಕಥೆ ಅಪರಿಚಿತವೇನಲ್ಲ. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಸೀಮೆಯ ಸಾವನದುರ್ಗದ ಕೋಟೆಯನ್ನು ಹಿಡಿಯಿತು. ಬೆಳಗಾದರೆ ನಾವು ನೋಡುವ ಅದೇ ಬಂಡೆ. ಆಮೇಲೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ರಾಮನಗರವೇ ಕ್ಲೋಸ್‌ಪೇಟೆ ಆಯಿತು. ಊರಿಗೆ ಬೇರೆ ಹೆಸರು ಬಂದರೂ ಭೂವಿಜ್ಞಾನಿಗಳು ಇಲ್ಲಿನ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಪರಕೀಯರ ಆಳ್ವಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ನಮ್ಮ ನೆಲಕ್ಕೂ ಗೊತ್ತು. ಆದ್ದರಿಂದ ಡೇನಿಯಲ್‌ನ ಸಿಟ್ಟು ಸುಳ್ಳೆಂದು ನಾನು ಹೇಳಲಾರೆ. ಆ ಸಿಟ್ಟಿಗೆ ನ್ಯಾಯವಾದ ಕಾರಣವಿದೆ. ಲೇಖಕಿಯೂ ಅದನ್ನು ಎಲ್ಲೂ ಹಗುರ ಮಾಡಿಲ್ಲ.

ಆದರೆ ನ್ಯಾಯವಾದ ಸಿಟ್ಟು ಕೂಡ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ನೋಡಿ. ನಾಡನ್ನು ಬಿಡಿಸುತ್ತಾನೆ ಎಂದು ಡೇನಿಯಲ್ ನಂಬಿದ ರೋಶ್, ತನ್ನದೇ ಜನರ ಕುರಿ ಕದಿಯುವ ದರೋಡೆಕೋರ. ಡೇನಿಯಲ್‌ನ ಗೆಳೆಯ ಜೋಯಲ್ ಸೆರೆಸಿಕ್ಕಾಗ ರೋಶ್ ನೆರವಿಗೆ ಬರುವುದಿಲ್ಲ. ಕೊನೆಗೆ ಗೆಳೆಯನನ್ನು ಬಿಡಿಸಿದ್ದು ಡೇನಿಯಲ್ ಮತ್ತು ಅವನ ಜೊತೆಗಾರರೇ. ಅದಕ್ಕೆ ತೆತ್ತದ್ದು ಜೀವಗಳನ್ನು. ಇಷ್ಟಾದರೂ ಡೇನಿಯಲ್ ಬದಲಾಗುವುದಿಲ್ಲ. ಕಾದಂಬರಿಯ ಸತ್ಯ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಪೆಟ್ಟು ತಿಂದ ಮಾತ್ರಕ್ಕೆ ಹಗೆ ಕರಗುವುದಿಲ್ಲ.

ಇತ್ತ ಮನೆಯಲ್ಲಿ ಬೇರೆಯದೇ ನಡೆದಿದೆ. ಮಾರ್ಕಸ್ ಎಂಬ ರೋಮನ್ ಪಡೆಯ ಯುವಕ ಬೇಲಿಯಾಚೆ ನಿಂತು ಲೇಯಳೊಡನೆ ಮಾತನಾಡುತ್ತಿದ್ದಾನೆ. ಅವನೂ ತನ್ನವರನ್ನು ಬಿಟ್ಟು ಬಹುದೂರ ಬಂದ ಹುಡುಗ. ಯಾರೊಡನೆಯೂ ಮಾತನಾಡದೆ ಮೂಲೆ ಸೇರಿದ್ದ ಲೇಯ ಅವನೊಡನೆ ಮಾತನಾಡುತ್ತಾಳೆ. ಇದು ತಿಳಿದಾಗ ಡೇನಿಯಲ್ ಉರಿದುಬಿದ್ದ. ಅವನ ಮಾತಿನ ಪೆಟ್ಟಿಗೆ ತಂಗಿ ಮತ್ತೆ ಕತ್ತಲೆಗೆ ಸರಿದಳು, ಜ್ವರಕ್ಕೆ ಬಿದ್ದಳು. ಅಪ್ಪನನ್ನು ಕೊಂದವರ ಮೇಲೆ ಎತ್ತಿದ ಕೈ ಬಿದ್ದದ್ದು ತಂಗಿಯ ಮೇಲೆ.

ಆಗ ಯೇಸು ಆ ಮನೆಗೆ ಬಂದು ಲೇಯಳನ್ನು ಗುಣಪಡಿಸುತ್ತಾನೆ. ಅದನ್ನು ಕಂಡ ಡೇನಿಯಲ್ ಹೊರಗೆ ಬರುತ್ತಾನೆ. ಬೀದಿಯಲ್ಲಿ ಮಾರ್ಕಸ್ ನಿಂತಿದ್ದಾನೆ. ಹಗೆಯವನನ್ನು ಡೇನಿಯಲ್ ಮನೆಯೊಳಗೆ ಕರೆಯುತ್ತಾನೆ. ಕಥೆ ಮುಗಿಯುವುದು ಅಲ್ಲಿ. ರೋಮ್ ಸೋಲಲಿಲ್ಲ, ಸತ್ತ ಅಪ್ಪ ಮರಳಿ ಬರಲಿಲ್ಲ. ಒಂದು ಮನೆಯ ಬಾಗಿಲು ತೆರೆಯಿತು, ಅಷ್ಟೆ. ಹದಿನೆಂಟರ ಹುಡುಗನೊಬ್ಬನಿಂದ ಇದಕ್ಕಿಂತ ದೊಡ್ಡ ಕೆಲಸ ಆಗುತ್ತದೆಂದು ನನಗೆ ತೋರುವುದಿಲ್ಲ.

ಈ ಕಥೆ ಕ್ರೈಸ್ತರದ್ದು ಎಂದು ಯಾರಾದರೂ ಅಂದಾರು. ಅವರು ಕಾಸರಗೋಡಿನ ಮಂಜೇಶ್ವರದ ಕವಿ ಗೋವಿಂದ ಪೈಗಳನ್ನು ನೆನೆಯಲಿ. ಯೇಸುವಿನ ಕಡೆಯ ದಿನವನ್ನು 'ಗೊಲ್ಗೊಥಾ' ಎಂಬ ಕನ್ನಡ ಕಾವ್ಯವಾಗಿ ಬರೆದ ಅವರೇ, ಬುದ್ಧನ ಕಡೆಯ ದಿನದ ಮೇಲೆ 'ವೈಶಾಖಿ'ಯನ್ನೂ ಬರೆದರು.

ರಾಮನಗರ ಸೀಮೆಯ ನಮ್ಮ ತಾಲ್ಲೂಕುಗಳಲ್ಲಿ ಈಗ ಪರದೇಶದ ಸೈನಿಕರಿಲ್ಲ. ಹಗೆ ಉಳಿದಿರುವುದು ಅಣ್ಣತಮ್ಮಂದಿರ ನಡುವೆ. ಬೆಂಗಳೂರು ಹತ್ತಿರ ಬಂದಂತೆ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಕನಸಿನಲ್ಲೂ ಕಾಣದ ಬೆಲೆ ಬಂತು. ಬೆಲೆಯ ಬೆನ್ನಿಗೇ ಬದುವಿನ ಜಗಳ, ಪಾಲಿನ ಜಗಳ, ಕೋರ್ಟಿನ ವಾಯಿದೆ. ಒಂದೇ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಹುಳು ಸಾಕಿದವರು ಇಂದು ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಅವರಲ್ಲಿ ಒಬ್ಬೊಬ್ಬರಿಗೂ ಒಂದು ನ್ಯಾಯವಾದ ಕಾರಣವಿದೆ. ಆ ಕಾರಣವನ್ನು ನಾನು ಅಲ್ಲಗಳೆಯುವುದಿಲ್ಲ. ಕೋರ್ಟಿನಲ್ಲಿ ಹಕ್ಕು ಕೇಳುವುದೂ ತಪ್ಪಲ್ಲ. ಆದರೆ ಆ ಮನೆಗಳ ಒಳಗೆ ಮಾತು ಕಳೆದುಕೊಂಡ ಒಬ್ಬ ಲೇಯ ಇರುತ್ತಾಳೆ. ದೊಡ್ಡಪ್ಪನ ಮಕ್ಕಳೊಡನೆ ಆಡಬೇಡವೆಂದು ಗದರಿಸಿಕೊಂಡ ಮಗುವಿರುತ್ತದೆ, ಇಬ್ಬರು ಮಕ್ಕಳ ನಡುವೆ ಯಾರ ಮನೆಯಲ್ಲಿ ಊಟ ಮಾಡಲಿ ಎಂದು ತಿಳಿಯದ ಮುದುಕಿ ಇರುತ್ತಾಳೆ. ದಾವೆಯ ಕಾಗದದಲ್ಲಿ ಅವರ ಹೆಸರು ಬರುವುದಿಲ್ಲ.

ಬರುವ ಶುಭ ಶುಕ್ರವಾರ ಹಾರೋಬೆಲೆಗೆ ಹೋಗಿಬನ್ನಿ. ಯಾವ ಧರ್ಮದವರಾದರೂ ಸರಿ. ಹೋಗುವಾಗ ನೀವು ಮಾತು ಬಿಟ್ಟಿರುವ ಅಣ್ಣನನ್ನೋ ತಮ್ಮನನ್ನೋ ಜೊತೆಗೆ ಕರೆಯಿರಿ. ಕರೆಯುವುದಕ್ಕೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಇವತ್ತೇ ಅವರ ಮನೆಗೆ ಹೋಗಿ.